ಟೀವಿ ಬಂತು, ಮಕ್ಕಳು ಓದಲಿಲ್ಲ

ಮುಂಬೈ ಪಾಲಿಕೆಯ ಒಂದು ಕನ್ನಡ ಶಾಲೆಗೆ ನಾನು ಮುಖ್ಯಾಧ್ಯಾಪಕಿ. ಮಕ್ಕಳು 86. ಹೆಚ್ಚಿನವರ ಊರು ಕಲಬುರಗಿ, ಯಾದಗಿರಿ, ವಿಜಯಪುರ ಕಡೆ. ಅಪ್ಪನದು ಸೆಂಟ್ರಿಂಗ್ ಕೆಲಸ, ಅಮ್ಮ ಬೆಳಿಗ್ಗೆ ನಾಕಾದಲ್ಲಿ, ಅಂದರೆ ಕೂಲಿಯವರು ಸೇರುವ ರಸ್ತೆಮೂಲೆಯಲ್ಲಿ, ನಿಂತು ಸಿಕ್ಕ ಕೆಲಸಕ್ಕೆ ಹೋಗುವವಳು.

ಮೂರು ವರ್ಷದ ಹಿಂದೆ ನಮಗೆ 60,000 ರೂಪಾಯಿ ಬಂತು. ಕೊಟ್ಟವರು ಉಡುಪಿ ಕಡೆಯ ಒಬ್ಬ ಹೋಟೆಲ್ ಮಾಲೀಕರು. ಹುಡುಗರಾಗಿದ್ದಾಗ ಹಗಲು ಟೇಬಲ್ ಒರೆಸಿ, ಸಂಜೆ ಕನ್ನಡ ರಾತ್ರಿಶಾಲೆಯಲ್ಲಿ ಕೂತು ಕಲಿತವರು. "ವರ್ಷಾ ವರ್ಷಾ ಕೊಡ್ತೇನೆ ಟೀಚರ್, ಬಡ ಮಕ್ಕಳಿಗೆ ಆದ್ರೆ ಸಾಕು" ಅಂದರು.

ಮೊದಲ ವರ್ಷ ನಾನು ಮಾಡಿದ್ದು ಶುದ್ಧ ಎಡವಟ್ಟು. ದೊಡ್ಡ ಟೀವಿ ತಂದೆ, ಉಳಿದದ್ದರಲ್ಲಿ ಎಲ್ಲರಿಗೂ ಒಂದೊಂದು ಚೀಲ. ಪಾಲಿಕೆ ಶಾಲೆಯ ಮಕ್ಕಳಿಗೆ ಸಮವಸ್ತ್ರ, ಬೂಟು, ಚೀಲ, ನೋಟ್‌ಬುಕ್ ಅಂತ 27 ಸಾಮಾನು ಪುಕ್ಕಟೆ ಸಿಗುತ್ತದೆ. ಅದು ನನಗೆ ಗೊತ್ತಿರಲಿಲ್ಲವಾ? ಗೊತ್ತಿತ್ತು. ಆದರೂ ತಂದೆ, ಯಾಕಂದರೆ ಚೀಲ ಹಂಚಿದರೆ ಫೋಟೋ ಚೆನ್ನಾಗಿ ಬರುತ್ತದೆ, ಕೊಟ್ಟವರಿಗೂ ಖುಷಿ, ನನಗೂ ಏನೋ ಮಾಡಿದ ಸಮಾಧಾನ. ಒಂದು ಮನೆಯಲ್ಲಿ ಆ ಚೀಲದ ತುಂಬ ಈರುಳ್ಳಿ ಇದ್ದದ್ದನ್ನು ಕಣ್ಣಾರೆ ಕಂಡೆ.

ಮುಂದಿನ ಜೂನ್‌ನಲ್ಲಿ ಮೂರರಿಂದ ಐದನೆಯ ತರಗತಿಯ 38 ಮಕ್ಕಳನ್ನು ಒಬ್ಬೊಬ್ಬರಾಗಿ ಕೂರಿಸಿ ಓದಿಸಿದೆ. ಅಕ್ಷರ, ಪದ, ವಾಕ್ಯ, ಸಣ್ಣ ಕಥೆ, ಇಷ್ಟೇ ಪರೀಕ್ಷೆ. 17 ಮಕ್ಕಳು ಒತ್ತಕ್ಷರ ಬಂದ ಕೂಡಲೇ ನಿಂತುಬಿಟ್ಟರು. 'ಅಮ್ಮ' ಅನ್ನುವುದನ್ನೇ 'ಅಮ' ಎಂದು ಓದಿ ನನ್ನ ಮುಖ ನೋಡಿದವರಿದ್ದರು. ಮನೆಯಲ್ಲಿ ಕಲಬುರಗಿ ಮಾತು, ಗಲ್ಲಿಯಲ್ಲಿ ಹಿಂದಿ, ಮಹಾರಾಷ್ಟ್ರ ಸರಕಾರದ ಬಾಲಭಾರತಿ ಪಠ್ಯಪುಸ್ತಕದಲ್ಲಿ ಬೇರೆಯದೇ ಕನ್ನಡ. ಟೀವಿ ಅವರಿಗೆ ಏನು ಮಾಡೀತು?

ಶಾಲಾ ನಿರ್ವಹಣಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪಾಲಕರೇ ಇರಬೇಕು ಅಂತ ಕಾನೂನು ಇದೆ. ನಮ್ಮಲ್ಲಿ ಸಭೆ ಬೆಳಿಗ್ಗೆ ಹನ್ನೊಂದಕ್ಕೆ, ಹಾಗಾಗಿ ಒಬ್ಬರೂ ಬರುತ್ತಿರಲಿಲ್ಲ. ಆ ಸಲ ರಾತ್ರಿ ಎಂಟಕ್ಕೆ ನಾನೇ ಮಕ್ಕಳ ಮನೆಗಳಿರುವ ಬಸ್ತಿಗೆ (ಕೊಳೆಗೇರಿಗೆ) ಹೋದೆ. ಒಬ್ಬಾಕೆ ನೇರವಾಗಿ ಅಂದಳು, "ಅಕ್ಕೋರೆ, ಚೀಲ ಬ್ಯಾಡ್ರಿ. ನಾವು ಬರೂತನಕ ಹುಡುಗ್ರನ್ನ ಹಿಡಕೊಂಡು ಕುಂದರ್ರಿ, ಸಾಕು." ಶಾಲೆ ಬಿಟ್ಟ ಮೇಲೆ ದೊಡ್ಡ ಹುಡುಗಿ ಕೂಸನ್ನು ಎತ್ತಿಕೊಂಡು ಕೂರಬೇಕು, ಗಂಡುಹುಡುಗರು ರಸ್ತೆಗೆ. ಅಭ್ಯಾಸ ಎಲ್ಲಿಂದ ಬರಬೇಕು?

ಸರಕಾರದ ಸಮಗ್ರ ಶಿಕ್ಷಾ ಯೋಜನೆಯಲ್ಲಿ ಸಂಯುಕ್ತ ಅನುದಾನ ಅಂತ ಒಂದಿದೆ. ನಮ್ಮಷ್ಟು ಮಕ್ಕಳಿರುವ ಶಾಲೆಗೆ ವರ್ಷಕ್ಕೆ 25,000 ರೂಪಾಯಿ, ಅದರಲ್ಲಿ ಕನಿಷ್ಠ ಶೇಕಡಾ 10 ಸ್ವಚ್ಛತೆಗೆ. ಕರೆಂಟು, ನೀರು, ರಿಪೇರಿ, ಸೀಮೆಸುಣ್ಣಕ್ಕೆ ಅದು ಸರಿ. ಅದರಲ್ಲಿ ಶಾಲೆ ಬಿಟ್ಟ ಮೇಲೆ ಮಕ್ಕಳನ್ನು ಕೂರಿಸಿ ಕಲಿಸುವ ಒಬ್ಬಳಿಗೆ ಸಂಬಳ ಕೊಡಲು ಆಗುವುದಿಲ್ಲ. ಹಾಗಾಗಿ ಎರಡನೆಯ ವರ್ಷದ ಹೋಟೆಲ್ ದುಡ್ಡನ್ನು ಪೂರ್ತಿ ಆ ಕಡೆಗೆ ತಿರುಗಿಸಿದೆ.

ಅದೇ ಬಸ್ತಿಯಲ್ಲಿ ಬಿ.ಎ. ಮುಗಿಸಿ ಮನೆಯಲ್ಲಿದ್ದ ಒಬ್ಬ ಹುಡುಗಿ ಸಿಕ್ಕಳು. ತಿಂಗಳಿಗೆ 4,000, ಹತ್ತು ತಿಂಗಳು. ದಿನಾ ಮೂರರಿಂದ ಐದು. ಆ 17 ಮಕ್ಕಳನ್ನು ತರಗತಿ ನೋಡದೆ, ಓದುವ ಮಟ್ಟ ನೋಡಿ ಕೂರಿಸಿದೆವು. ಐದನೆಯ ತರಗತಿಯ ಹುಡುಗ ಮೂರನೆಯವರ ಜೊತೆ ಕೂರಲು ಎರಡು ದಿನ ಮುನಿಸಿಕೊಂಡ, ಆಮೇಲೆ ಅವನೇ ಲೀಡರ್. ಇದು ನಾನು ಕಂಡುಹಿಡಿದದ್ದಲ್ಲ. ಮುಂಬೈನ ಬಸ್ತಿಗಳಲ್ಲೇ ಶುರುವಾದ ಪ್ರಥಮ್ ಎಂಬ ಸ್ವಯಂಸೇವಾ ಸಂಸ್ಥೆಯ ಬಾಲಸಖಿ ಕೆಲಸ, ಅಂದರೆ ಅಲ್ಲಿನದೇ ಹುಡುಗಿ ಹಿಂದುಳಿದ ಮಕ್ಕಳಿಗೆ ಕಲಿಸುವುದು, ಇದೇ ರೀತಿಯದಾಗಿತ್ತು. 2019ರಲ್ಲಿ ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಅವರು ಮುಂಬೈ, ವಡೋದರಾದಲ್ಲಿ ಅದನ್ನು ಅಳೆದು ನೋಡಿ, ಮಕ್ಕಳ ಕಲಿಕೆ ಹೆಚ್ಚುತ್ತದೆ ಅಂದಿದ್ದರು. ನಮ್ಮ ಬಾಗಿಲಲ್ಲೇ ಇದ್ದದ್ದು, ನಾನು ಟೀವಿ ಅಂಗಡಿಗೆ ಹೋಗಿದ್ದೆ!

ತಿಂಡಿಗೆ 12,000. ಮೂರು ಗಂಟೆಗೆ ಮಧ್ಯಾಹ್ನದ ಊಟ ಕರಗಿರುತ್ತದೆ, ಹಸಿದ ಮಗು ಒತ್ತಕ್ಷರ ಕಲಿಯುವುದಿಲ್ಲ. ಶೇಂಗಾ ಚಿಕ್ಕಿ, ಚುರುಮುರಿ, ಅಷ್ಟೇ. ಕೂಸುಗಳನ್ನೂ ಕರೆದುಕೊಂಡು ಬನ್ನಿ ಅಂದೆವು, ಮೂಲೆಗೆ ಒಂದು ಚಾಪೆ ಹಾಸಿದೆವು. ಗಲಾಟೆ ಜಾಸ್ತಿಯಾಯಿತು, ಆದರೆ ಹುಡುಗಿಯರು ಬರತೊಡಗಿದರು. ಉಳಿದ 8,000 ಸಣ್ಣ ಕಥೆಪುಸ್ತಕಗಳಿಗೆ.

ಇಂಗ್ಲೆಂಡಿನ ಶಾಲೆಯಲ್ಲಿ ಕೆಲಸ ಮಾಡುವ ನನ್ನ ನಾದಿನಿ ಫೋನಿನಲ್ಲಿ ಒಂದು ಮಾತು ಹೇಳಿದಳು. ಅಲ್ಲಿ 2011ರಿಂದ ಪ್ಯೂಪಿಲ್ ಪ್ರೀಮಿಯಂ ಅಂತ ಬಡ ಮಕ್ಕಳ ತಲೆ ಎಣಿಸಿ ಶಾಲೆಗೆ ಹೆಚ್ಚಿನ ದುಡ್ಡು ಕೊಡುತ್ತಾರಂತೆ. ಅದನ್ನು ಹೇಗೆ ಖರ್ಚು ಮಾಡಿದೆವು, ಏನು ಫಲ ಬಂತು ಎಂದು ಶಾಲೆ ವರ್ಷಕ್ಕೊಮ್ಮೆ ವೆಬ್‌ಸೈಟಿನಲ್ಲಿ ಹಾಕಲೇಬೇಕಂತೆ. ನಮಗೆ ವೆಬ್‌ಸೈಟ್ ಎಲ್ಲಿ? ಗೇಟಿನ ಒಳಗೆ ಒಂದು ಚಾರ್ಟ್ ಅಂಟಿಸಿದೆ. ಬಂದ ದುಡ್ಡು, ಹೋದ ದುಡ್ಡು, ಆ 17ರಲ್ಲಿ ಎಷ್ಟು ಮಕ್ಕಳು ಕಥೆ ಓದುತ್ತಾರೆ. ಮಾರ್ಚ್‌ನಲ್ಲಿ ಆ ಕೊನೆಯ ಸಾಲಿನಲ್ಲಿ 11 ಬರೆದೆ. ನಾಲ್ವರು ಇನ್ನೂ ವಾಕ್ಯದಲ್ಲೇ ಇದ್ದರು. ಇಬ್ಬರು ದೀಪಾವಳಿಗೆ ಊರಿಗೆ ಹೋದವರು ಮರಳಲೇ ಇಲ್ಲ.

ಈಗ ತಲೆನೋವು ಬೇರೆ. ಹೋಟೆಲ್ ನೋಡಿಕೊಳ್ಳುವುದು ಮಾಲೀಕರ ಮಗ, ಅವನಿಗೆ ಅಪ್ಪನ ಹೆಸರು ಕಾಣುವಂಥ ಏನಾದರೂ ಬೇಕು. ಸಂಬಳದ ಮೇಲೆ ಹೆಸರು ಬರೆಸಲು ಆಗುವುದಿಲ್ಲವಲ್ಲ. ಕಥೆಪುಸ್ತಕದ ಕಪಾಟಿಗೆ ಹಿತ್ತಾಳೆ ಫಲಕ ಹಾಕಿಸೋಣ ಸಾಹೇಬ್ರೆ, ಆದರೆ 4,000 ನಿಲ್ಲಿಸಬೇಡಿ ಅಂದಿದ್ದೇನೆ. ಅಪ್ಪನ ಹತ್ತಿರ ಮಾತಾಡಿ ಹೇಳುತ್ತೇನೆ ಅಂದಿದ್ದಾನೆ.