ಕುಚ್ಚಲಕ್ಕಿ ಅನ್ನದ ಗ್ಯಾಸ್ ನಾನು ಉಳಿಸಿದ್ದು ಹೀಗೆ

ಉಡುಪಿಯ ಸಂತೆಕಟ್ಟೆ ಹತ್ತಿರ ನಮ್ಮದೊಂದು ಸಣ್ಣ ಊಟದ ಹೋಟೆಲ್ ಇದೆ. ಮಧ್ಯಾಹ್ನ ಎಪ್ಪತ್ತು ಎಂಬತ್ತು ಊಟ ಹೋಗುತ್ತದೆ, ಎಲ್ಲವೂ ಕುಚ್ಚಲಕ್ಕಿಯದ್ದೇ. 19 ಕೆ.ಜಿ. ಸಿಲಿಂಡರ್ ಆರೇ ದಿನಕ್ಕೆ ಖಾಲಿಯಾಗುತ್ತಿತ್ತು. ಊಟದ ರೇಟು ಏರಿಸಬಹುದಿತ್ತು, ಆದರೆ ದಿನಾ ಬರುವ ರಿಕ್ಷಾದವರಿಗೆ, ಗಾರೆ ಕೆಲಸದವರಿಗೆ ಹತ್ತು ರೂಪಾಯಿ ಸಣ್ಣ ಮೊತ್ತ ಅಲ್ಲ. ಮನೆ ಸಿಲಿಂಡರ್ ತಂದು ಹಚ್ಚಿ ಎಂದವರೂ ಇದ್ದಾರೆ. ಅದು ಕಾನೂನಿಗೆ ವಿರುದ್ಧ, ಆ ದಾರಿ ನನಗೆ ಬೇಡ.

ಮೊದಲ ತಿಂಗಳು ಏನನ್ನೂ ಬದಲಾಯಿಸಲಿಲ್ಲ. ಯಾವ ಒಲೆ ಎಷ್ಟು ಹೊತ್ತು ಉರಿಯಿತು ಅಂತ ಕ್ಯಾಲೆಂಡರಿನಲ್ಲಿ ಸುಮ್ನೆ ಬರೆಯುತ್ತಾ ಹೋದೆ. ಮೀನು ಹುರಿಯುವುದಕ್ಕೇ ಜಾಸ್ತಿ ಗ್ಯಾಸ್ ಹೋಗುತ್ತದೆ ಅಂದುಕೊಂಡಿದ್ದೆ, ಹಾಗಿರಲಿಲ್ಲ. ಮೀನು ಸಾರಿಗೆ ಅರ್ಧ ಗಂಟೆ, ಪಲ್ಯಕ್ಕೆ ಇನ್ನೂ ಕಡಿಮೆ. ಅನ್ನಕ್ಕೆ ಮಾತ್ರ ಎರಡು ದೊಡ್ಡ ಬರ್ನರ್, ಒಂದೂವರೆ ಗಂಟೆ, ಅದೂ ಪೂರ್ತಿ ಉರಿ.

ನೀರು ಒಮ್ಮೆ ಕುದಿಯತೊಡಗಿದ ಮೇಲೆ ಅದರ ಬಿಸಿ 100 ಡಿಗ್ರಿ ದಾಟುವುದಿಲ್ಲ, ನೀವು ಎಷ್ಟೇ ಉರಿ ಹಾಕಿ. ಜಾಸ್ತಿ ಹಾಕಿದ ಗ್ಯಾಸೆಲ್ಲ ನೀರನ್ನು ಆವಿ ಮಾಡುವುದಕ್ಕೇ ಹೋಗುತ್ತದೆ, ಅಡುಗೆಮನೆ ಬೇಯುತ್ತದೆ ಅಷ್ಟೇ. ಅಕ್ಕಿ ಬೇಯಲು ಬೇಕಾದ್ದು ಬಿಸಿ ಆರದೆ ಇರುವುದು. ಇದನ್ನು ಹೇಳಿದಾಗ ಅತ್ತೆ, "ನಮ್ಮ ಅಮ್ಮ ಅನ್ನದ ಪಾತ್ರೆ ಬೈಹುಲ್ಲಲ್ಲಿ ಇಡ್ತಿದ್ರಲ್ಲ ಮಾರಾಯ್ತಿ" ಅಂದರು!

ಹಳೆ ಹಲಸಿನ ಮರದ ಪೆಟ್ಟಿಗೆ ಒಂದು ಅಟ್ಟದಲ್ಲಿ ಬಿದ್ದಿತ್ತು. ತಳಕ್ಕೆ, ನಾಲ್ಕೂ ಬದಿಗೆ ಒಂದು ಗೇಣು ಬೈಹುಲ್ಲು ಒತ್ತಿ ತುಂಬಿದೆವು, ಮೇಲೆ ಹೊದಿಸಲು ಹಳೆ ಕಂಬಳಿ. ಅಕ್ಕಿ ರಾತ್ರಿಯೇ ನೆನೆಹಾಕುತ್ತೇನೆ. ಬೆಳಿಗ್ಗೆ ಕುದಿ ಬಂದ ಮೇಲೆ ಹದಿನೈದು ನಿಮಿಷ ಬಿಟ್ಟು, ಮುಚ್ಚಳ ಬಿಗಿ ಮಾಡಿ, ಎರಡೂ ಪಾತ್ರೆಗಳನ್ನು ಪೆಟ್ಟಿಗೆಗೆ ಇಳಿಸುತ್ತೇವೆ. ಒಂದೂವರೆ ಗಂಟೆ ಕಳೆದು ತೆಗೆದರೆ ಕಾಳು ಅರಳಿರುತ್ತದೆ, ತಳ ಹಿಡಿದಿರುವುದಿಲ್ಲ. ಇನ್ನೊಮ್ಮೆ ಒಂದು ಕುದಿ ಬರಿಸಿ ಗಂಜಿ ಬಸಿಯುವುದು.

ಮೊದಲ ದಿನ ಮಾತ್ರ ಅನ್ನ ಬೇಯಲೇ ಇಲ್ಲ. ತಡೆಯಲಾಗದೆ ಮೂರು ಸಲ ಮುಚ್ಚಳ ತೆಗೆದು ನೋಡಿದ್ದೆ, ಬಿಸಿಯೆಲ್ಲ ಹೊರಗೆ ಹೋಗಿತ್ತು. ಹನ್ನೆರಡೂವರೆಗೆ ಗಿರಾಕಿಗಳು ಕೂತಿದ್ದಾರೆ, ಅನ್ನ ಮತ್ತೆ ಒಲೆ ಮೇಲೆ. ಆ ದಿನ ಕಣ್ಣಲ್ಲಿ ನೀರು ಬಂದಿತ್ತು. ಇನ್ನೊಂದು ಮಾತು, ಅನ್ನವನ್ನು ಪೆಟ್ಟಿಗೆಯಲ್ಲೇ ಸಂಜೆವರೆಗೆ ಬಿಡಬೇಡಿ. ಉಗುರುಬೆಚ್ಚಗೆ ಇದ್ದ ಅನ್ನ ಬೇಗ ಹಳಸುತ್ತದೆ, ಹೊಟ್ಟೆಗೂ ಕೆಟ್ಟದ್ದು.

ಈಗ ಸಿಲಿಂಡರ್ ಒಂಬತ್ತು ದಿನ ಬರುತ್ತದೆ. ಮನೆಗೆ ಇಷ್ಟು ದೊಡ್ಡ ಪೆಟ್ಟಿಗೆ ಬೇಕಾಗಿಲ್ಲ, ಥರ್ಮಲ್ ಕುಕ್ಕರ್ ಅಂಗಡಿಯಲ್ಲೇ ಸಿಗುತ್ತದೆ, ಕೆಲಸ ಮಾಡುವುದು ಇದೇ ರೀತಿ.

ಕರೆಂಟಿನ ಕಡೆಗೂ ಸ್ವಲ್ಪ ನೋಡಿದೆ. ಗೃಹಜ್ಯೋತಿ ಮನೆ ಮೀಟರಿಗೆ ಮಾತ್ರ, ಹೋಟೆಲಿನದ್ದಕ್ಕೆ ಪೂರ್ತಿ ಬಿಲ್ ಕಟ್ಟಲೇಬೇಕು, ಅಲ್ವಾ? ಫ್ರಿಜ್ಜಿನ ಬಾಗಿಲಿಗೆ ಹತ್ತು ರೂಪಾಯಿ ನೋಟು ಸಿಕ್ಕಿಸಿ ಮುಚ್ಚಿ ಎಳೆದೆ, ಸಲೀಸಾಗಿ ಬಂತು. ರಬ್ಬರ್ ಸವೆದಿತ್ತು. ಅದನ್ನು ಬದಲಾಯಿಸಿ, ಫ್ರಿಜ್ಜನ್ನು ಒಲೆಯ ಪಕ್ಕದಿಂದ ಆಚೆ ಗೋಡೆಗೆ ಸರಿಸಿದೆವು. ಮೋಟಾರು ಈಗ ಮೊದಲಿನ ಹಾಗೆ ಇಡೀ ದಿನ ಗುಂಯ್ಗುಡುವುದಿಲ್ಲ.

ಪೆಟ್ಟಿಗೆ ಮಾಡುವವರು ಬೈಹುಲ್ಲು ಒಣಗಿದ್ದೇ ಹಾಕಿ. ನಮ್ಮಲ್ಲಿ ಜೂನ್ ಬಂದರೆ ಗೋಡೆಯೂ ಒದ್ದೆ, ಹುಲ್ಲು ತೇವ ಹಿಡಿದು ಮುಗ್ಗುಲು ವಾಸನೆ ಬರುತ್ತದೆ, ಬಿಸಿಯೂ ನಿಲ್ಲುವುದಿಲ್ಲ. ನಾನು ಮಳೆಗಾಲಕ್ಕೆಂದು ಎರಡು ಕಟ್ಟು ಹುಲ್ಲನ್ನು ಮೇ ತಿಂಗಳಲ್ಲೇ ಒಣಗಿಸಿ ಅಟ್ಟಕ್ಕೆ ಹಾಕಿಡುತ್ತೇನೆ.