‘ಫ್ಯಾಟ್ ಸಿಟಿ’ ನೋಡುವುದು ಹೇಗೆ?

ಮೊದಲು ಮೊಬೈಲ್ ಪಕ್ಕಕ್ಕಿಡಿ. 1972ರ ಈ ಬಾಕ್ಸಿಂಗ್ ಸಿನಿಮಾವನ್ನು ದೊಡ್ಡ ಪರದೆಯಲ್ಲಿ, ಲೈಟ್ ಆರಿಸಿ ನೋಡಿ. ಕಾನ್ರಾಡ್ ಹಾಲ್ ಕ್ಯಾಮೆರಾದಲ್ಲಿ ಬಾರ್‌ಗಳೆಲ್ಲ ಕತ್ತಲು, ಹೊರಗೆ ಕಣ್ಣು ಕುಕ್ಕುವ ಬಿಸಿಲು. ಸಬ್‌ಟೈಟಲ್ ಹಾಕಿಕೊಳ್ಳಿ, ಕುಡಿದವರ ತೊದಲು ಮಾತು ಜಾಸ್ತಿ.

ಕೊನೆಯ ಸುತ್ತಿನ ಗೆಲುವಿಗೆ ಕಾಯಬೇಡಿ. ಕ್ಯಾಲಿಫೋರ್ನಿಯಾದ ಸ್ಟಾಕ್ಟನ್ ಊರು. ಸ್ಟೇಸಿ ಕೀಚ್ ಮಾಡಿದ ಟಲ್ಲಿ ಸೋತು ಕುಡಿತಕ್ಕೆ ಬಿದ್ದ ಬಾಕ್ಸರ್. ಜೆಫ್ ಬ್ರಿಜಸ್‌ನ ಎರ್ನಿ ಈಗಷ್ಟೇ ಗ್ಲೌಸ್ ಹಾಕಿದ ಹುಡುಗ. ಇಷ್ಟು ಗೊತ್ತಿದ್ದರೆ ಸಾಕು. ನಿರ್ದೇಶಕ ಜಾನ್ ಹ್ಯೂಸ್ಟನ್ ಹರೆಯದಲ್ಲಿ ಬಾಕ್ಸಿಂಗ್ ಆಡಿದವರು. ಅದಕ್ಕೇ ಇರಬೇಕು, ಏಟಿಗಿಂತ ಏಟಿನ ಹಿಂದೆ ಮುಂದಿನ ಹೊತ್ತನ್ನೇ ಹೆಚ್ಚು ತೋರಿಸುತ್ತಾರೆ.

ಟಲ್ಲಿಯ ಎದುರಾಳಿ ಲುಸೆರೊ ಬಂದಾಗ ಮಾತ್ರ ಕಾಫಿ ಮಾಡಲು ಎದ್ದು ಹೋಗಬೇಡಿ. ಮೆಕ್ಸಿಕೋದಿಂದ ಬಸ್ಸಿನಲ್ಲಿ ಒಬ್ಬನೇ ಬರುತ್ತಾನೆ. ಜೊತೆಗೆ ಯಾರೂ ಇಲ್ಲ, ಮಾತೂ ಇಲ್ಲ. ಪಂದ್ಯಕ್ಕೆ ಮುಂಚೆ ಮೂತ್ರದಲ್ಲಿ ರಕ್ತ ಹೋಗುತ್ತದೆ. ಆದರೂ ನೆಟ್ಟಗೆ ನಿಂತು ರಿಂಗಿಗೆ ನಡೆಯುತ್ತಾನೆ. ಆ ಪಾತ್ರ ಮಾಡಿದ ಸಿಕ್ಸ್ಟೊ ರೊಡ್ರಿಗಸ್ ನಿಜವಾಗಿ ಬಾಕ್ಸರ್. ಈ ಭಾಗ ಬಂದರೆ ನಾನು ಹಿಂದಕ್ಕೆ ಓಡಿಸಿ ಇನ್ನೊಮ್ಮೆ ನೋಡುತ್ತೇನೆ.

ಟಲ್ಲಿ ಜೊತೆಗಿರುವ ಕುಡುಕಿ ಓಮಾ ಮೊದಮೊದಲು ತಲೆನೋವು ಅನಿಸುತ್ತಾಳೆ. ಸ್ವಲ್ಪ ಸಹಿಸಿಕೊಳ್ಳಿ. ಟಲ್ಲಿ ಅಡುಗೆ ಮಾಡಿ ಬಡಿಸುತ್ತಾನೆ, ಅವಳು ಮುಟ್ಟುವುದಿಲ್ಲ. ಇಡೀ ಸಿನಿಮಾದಲ್ಲಿ ನಿಜವಾದ ಗುದ್ದಾಟ ಅದೇ ಅಲ್ವಾ? ಸುಸಾನ್ ಟೈರೆಲ್‌ಗೆ ಈ ಪಾತ್ರಕ್ಕೆ ಆಸ್ಕರ್ ನಾಮನಿರ್ದೇಶನ ಸಿಕ್ಕಿತ್ತು.

ಇಷ್ಟವಾದರೆ ಸಿನಿಮಾಕ್ಕೆ ಮೂಲವಾದ ಲೆನರ್ಡ್ ಗಾರ್ಡ್ನರ್ ಅವರ 1969ರ ಕಾದಂಬರಿ ಹುಡುಕಿ ಓದಿ. ಚಿತ್ರಕಥೆಯೂ ಅವರದ್ದೇ.