ಮಂಡಿ ಆಪರೇಷನ್ನಿಗೆ ಒಪ್ಪಿಗೆ ಪಡೆಯುವ ಬಗೆ: ವಾರ್ಡಿಗೆ ಹೊಸದಾಗಿ ಬಂದ ಡಾಕ್ಟರುಗಳಿಗೆ

ದಾವಣಗೆರೆಯಲ್ಲಿ ಕೀಲು ಬದಲಿ ಮಾಡುವ ನನ್ನಂಥವರ ಹತ್ತಿರ ಬರುವವರಲ್ಲಿ 60 ದಾಟಿದ ರೈತಾಪಿ ಜನವೇ ಜಾಸ್ತಿ. ಜಗಳೂರು, ಹೊನ್ನಾಳಿ, ಚನ್ನಗಿರಿ ಕಡೆಯವರು. ಜೊತೆಗೆ ಮಗ, ಸೊಸೆ, ಅಳಿಯ ಎಲ್ಲರೂ ಇರುತ್ತಾರೆ. ಫಾರಂ ಮುಂದಿಟ್ಟ ಕೂಡಲೇ ಮಗ ಜೇಬಿನಿಂದ ಪೆನ್ನು ತೆಗೆಯುತ್ತಾನೆ. ಅಲ್ಲೇ ತಡೆಯಿರಿ. ಬುದ್ಧಿ ನೆಟ್ಟಗಿರುವವರ ಕಾಲಿಗೆ ಅವರದೇ ಸಹಿ ಆಗಬೇಕು. ಮಗನದು ಬೇಕಿದ್ದರೆ ಸಾಕ್ಷಿ ಸಹಿ.

ಆಪರೇಷನ್ ದಿನ ಬೆಳಿಗ್ಗೆ ಗೌನ್ ಹಾಕಿಸಿ, ಸ್ಟ್ರೆಚರ್ ಮೇಲೆ ಮಲಗಿಸಿ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದನ್ನು ಒಪ್ಪಿಗೆ ಅಂತ ನಾನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಓಪಿಡಿಯಲ್ಲೇ ಒಮ್ಮೆ ಮಾತಾಡಿ. ಅಡ್ಮಿಟ್ ಆದ ಸಂಜೆ ರೌಂಡ್ಸ್ ಮುಗಿಸಿ ಇನ್ನೊಮ್ಮೆ ಹೋಗಿ, ಕುರ್ಚಿ ಎಳೆದುಕೊಂಡು ಕೂರಿ. ನಿಂತುಕೊಂಡೇ ಮಾತಾಡುವ ಡಾಕ್ಟರನ್ನು ಯಾರೂ ಏನೂ ಕೇಳುವುದಿಲ್ಲ.

ಕಾಯಿಲೆ ಬಿಟ್ಟು ಮನೆಯಿಂದ ಶುರುಮಾಡಿ. "ಅಜ್ಜಿ, ಊಟಕ್ಕೆ ಎಲ್ಲಿ ಕೂರ್ತೀರಿ? ಮನೇಲಿ ಕಮೋಡ್ ಐತಾ?" ಮಂಡಿ ಬದಲಾದ ಮೇಲೆ ಚಕ್ಕಳಮಕ್ಕಳ ಹಾಕಬೇಡಿ, ಕುಕ್ಕರಗಾಲಲ್ಲಿ ಕೂರಬೇಡಿ ಎನ್ನುತ್ತೇವಲ್ಲ, ಅವರಿಗೆ ಅದು ಇನ್ಫೆಕ್ಷನ್ನಿಗಿಂತ ದೊಡ್ಡ ವಿಷಯ. ಕಳೆ ತೆಗೆಯುವುದು, ಶೇಂಗಾ ಬಿಡಿಸುವುದು ಎಲ್ಲ ನೆಲದ ಮೇಲೇ ಅಲ್ವಾ? ಜಗಳೂರು ಕಡೆಯ ಒಬ್ಬ ಅಜ್ಜಿ ಇದನ್ನು ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಸೊಸೆಯ ಮುಖ ನೋಡಿ, "ಕಳೆ ಇವ್ಳು ತೆಗಿತಾಳೆ ಬಿಡ್ರಿ" ಅಂದರು. ಸೊಸೆ ತುಟಿ ಬಿಚ್ಚಲಿಲ್ಲ. ಇಂಥ ಮಾತು ಆಪರೇಷನ್ನಿಗೆ ಮೊದಲೇ ಹೊರಗೆ ಬರಬೇಕು.

ಇಂಪ್ಲಾಂಟಿನ ಸ್ಯಾಂಪಲ್ ಇದ್ದರೆ ಅವರ ಕೈಗೇ ಕೊಡಿ. ಚಿಪ್ಪೊಂದನ್ನೇ ಬದಲಾಯಿಸುತ್ತಾರೆ ಅಂದುಕೊಂಡಿರುತ್ತಾರೆ. ತೊಡೆಮೂಳೆಯ ತುದಿ, ಕೆಳಮೂಳೆಯ ತಲೆ ಕೊಯ್ದು ಲೋಹ ಕೂರಿಸಿ, ನಡುವೆ ಪ್ಲಾಸ್ಟಿಕ್ ಇಡುತ್ತೇವೆ ಅಂತ ತೋರಿಸಿ.

ಅಪಾಯಗಳನ್ನು ನುಂಗಿಕೊಂಡು ಹೇಳಬೇಡಿ. ನೂರರಲ್ಲಿ ಒಬ್ಬಿಬ್ಬರಿಗೆ ಒಳಗೆ ಕೀವಾಗುತ್ತದೆ. ಆಗ ಮತ್ತೆ ಕೊಯ್ಯಬೇಕು, ಕೆಲವೊಮ್ಮೆ ಹಾಕಿದ್ದನ್ನೇ ತೆಗೆಯಬೇಕು. ಶುಗರ್ ಹತೋಟಿಯಲ್ಲಿ ಇಲ್ಲದಿದ್ದರೆ ಈ ಭಯ ಇನ್ನೂ ಜಾಸ್ತಿ. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಬಹುದು, ಅದು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಸಂಚಕಾರ. ನರಕ್ಕೆ ಪೆಟ್ಟಾಗಬಹುದು, ರಕ್ತ ಕೊಡಬೇಕಾಗಬಹುದು. ಸೊಂಟದ ಕೀಲಾದರೆ ಜಾರುವುದು, ಕಾಲು ಸ್ವಲ್ಪ ಉದ್ದ-ಗಿಡ್ಡ ಆಗುವುದು ಕೂಡ ಉಂಟು. ಮಂಡಿಯಲ್ಲಿ ಹೆಚ್ಚುಕಡಿಮೆ ಐವರಲ್ಲಿ ಒಬ್ಬರಿಗೆ ಅಂದುಕೊಂಡಷ್ಟು ಸಮಾಧಾನ ಸಿಗುವುದಿಲ್ಲ. ಇದೊಂದನ್ನು ಹೇಳಲು ನಮ್ಮವರ ಬಾಯೇ ಬರುವುದಿಲ್ಲ! ಬಹುಪಾಲು ಮಂಡಿಗಳು 15-20 ವರ್ಷ ಬಾಳುತ್ತವೆ ಅನ್ನುವುದನ್ನೂ ಹೇಳಿ, ಸುಮ್ನೆ ಹೆದರಿಸಿ ಕಳಿಸಬೇಡಿ. ವ್ಯಾಯಾಮ, ತೂಕ ಇಳಿಸುವುದು, ಮಾತ್ರೆ, ಊರುಗೋಲು, ಏನೂ ಮಾಡದೆ ಇರುವುದು, ಇವೂ ದಾರಿಗಳೇ.

ಕೊನೆಗೆ "ಅರ್ಥ ಆಯ್ತಾ?" ಅಂತ ಕೇಳಬೇಡಿ, ಎಲ್ಲರೂ ಹೂಂ ಅಂತಾರೆ. "ಊರಲ್ಲಿರೋ ತಂಗಿ ಫೋನ್ ಮಾಡಿದ್ರೆ ಏನಂತ ಹೇಳ್ತೀರಿ?" ಅಂತ ಕೇಳಿ. ಅವರ ಮಾತಲ್ಲಿ ಯಾವುದು ಬಿಟ್ಟುಹೋಯಿತೋ ಅದನ್ನೇ ಮತ್ತೆ ಹೇಳಿ.

ಫಾರಂ ಕನ್ನಡದ್ದೇ ಇರಲಿ. ಎಡ ಮಂಡಿಯೋ ಬಲವೋ ಅಕ್ಷರದಲ್ಲಿ ಬರೆಯಿರಿ. ಒಂದಕ್ಕೆ ಸಹಿ ಪಡೆದು, ಮಲಗಿದ್ದಾರಲ್ಲ ಅಂತ ಇನ್ನೊಂದಕ್ಕೂ ಕೈಹಾಕುವಂತಿಲ್ಲ. ಒಂದಕ್ಕೆ ಕೊಟ್ಟ ಒಪ್ಪಿಗೆ, ಜೀವ ಉಳಿಸುವ ತುರ್ತು ಇಲ್ಲದಿದ್ದರೆ, ಇನ್ನೊಂದಕ್ಕೆ ನಡೆಯುವುದಿಲ್ಲ ಅಂತ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2008ರಲ್ಲೇ ಹೇಳಿದೆ. ಹೆಬ್ಬೆಟ್ಟಾದರೆ, ಓದಿ ಹೇಳಿದ್ದನ್ನು ಕೇಳಿಸಿಕೊಂಡ ಸಾಕ್ಷಿಯ ಸಹಿ ಇರಲಿ. ಅರಿವಳಿಕೆಗೆ ಬೇರೆ ಫಾರಂ, ಅದನ್ನು ಅರಿವಳಿಕೆ ಡಾಕ್ಟರೇ ಬಂದು ವಿವರಿಸಲಿ.

ಸಹಿ ಹಾಕಿದ ಮೇಲೂ ಬೇಡ ಅನ್ನಬಹುದು. ಮೆಕ್ಕೆಜೋಳದ ಕಟಾವು ಬಂತೆಂದರೆ ಅಂದೇ ಅನ್ನುತ್ತಾರೆ. ಮುಖ ಗಂಟು ಹಾಕಬೇಡಿ. ಫೈಲಿನಲ್ಲಿ ಬರೆದು, ಮಾತ್ರೆ ಬರೆದುಕೊಟ್ಟು, ಮುಂದಿನ ಓಪಿಡಿ ದಿನ ಹೇಳಿ ಕಳಿಸಿ.